ಆನ್‌ಲೈನ್ ಪದವಿ: ನಮ್ಮೂರ ಕಾಲೇಜುಗಳು ಏನು ಮಾಡಬಹುದು? ಸೇರುವ ಮೊದಲು ನೀವು ಏನು ನೋಡಬೇಕು?

ಬೆಳ್ಮಣ್: ದ್ವಿತೀಯ ಪಿಯುಸಿ ಫಲಿತಾಂಶ ಬರುವುದಕ್ಕಿಂತ ಮೊದಲೇ ಮೊಬೈಲಿಗೆ ಜಾಹೀರಾತು ಬರ್ತದೆ. ಮನೆಯಲ್ಲೇ ಕುಳಿತು ಬಿಕಾಂ ಮಾಡಿ, ಕೆಲಸ ಬಿಡದೆ ಎಂಬಿಎ ಮಾಡಿ, ಇವತ್ತೇ ಸೇರಿದರೆ ಶುಲ್ಕದಲ್ಲಿ ರಿಯಾಯಿತಿ. ಒಮ್ಮೆ ನಂಬರ್ ಕೊಟ್ಟರೆ ಸಾಕು, ದಿನಕ್ಕೆ ನಾಲ್ಕು ಸಲ ಫೋನ್.

ಇದನ್ನು ಸುಮ್ಮನೆ ತಳ್ಳಿಹಾಕುವ ಹಾಗೂ ಇಲ್ಲ. ಬೆಳ್ಮಣ್, ಮುಂಡ್ಕೂರು, ನಂದಳಿಕೆ, ಶಿರ್ವ ಸುತ್ತಮುತ್ತ ಪಿಯುಸಿ ಮುಗಿಸಿ ಅಂಗಡಿಗೋ, ಗ್ಯಾರೇಜಿಗೋ ಸೇರಿದ ಹುಡುಗರು ಇದ್ದಾರೆ. ಡಿಗ್ರಿ ಅರ್ಧದಲ್ಲಿರುವಾಗಲೇ ಮದುವೆಯಾದ ಹೆಣ್ಣುಮಕ್ಕಳು ಇದ್ದಾರೆ. ಮುಂಬಯಿಗೋ ಗಲ್ಫಿಗೋ ಹೋಗಿ, ಡಿಗ್ರಿ ಇಲ್ಲ ಎಂಬ ಕಾರಣಕ್ಕೆ ಪ್ರಮೋಷನ್ ಸಿಗದವರೂ ಇದ್ದಾರೆ. ಇವರಿಗೆಲ್ಲ ಆನ್‌ಲೈನ್ ಶಿಕ್ಷಣ ನಿಜವಾಗಿಯೂ ಒಂದು ದಾರಿ. ಆದರೆ ತಪ್ಪು ಕಡೆ ಸೇರಿದರೆ ಹಣದ ಜೊತೆ ಮೂರು ವರ್ಷವೂ ಹೋಗ್ತದೆ. ಹಾಗಾಗಿ ಯಾರು ಆನ್‌ಲೈನ್ ಪದವಿ ಕೊಡಬಹುದು, ನಮ್ಮ ಊರಿನ ಸಾಮಾನ್ಯ ಕಾಲೇಜಿನ ಕೈಯಲ್ಲಿ ಏನುಂಟು, ತೊಡಕು ಎಲ್ಲಿ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ.

ಪದವಿ ಕೊಡುವುದು ಯಾರು?

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಭಾರತದಲ್ಲಿ ಪದವಿ ಕೊಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನಿನಲ್ಲಿ ಅದಕ್ಕೆಂದೇ ಅಧಿಕಾರ ಪಡೆದ ಸಂಸ್ಥೆಗಳಿಗೆ. ಇದು 1956ರ ಯುಜಿಸಿ ಕಾಯಿದೆಯಲ್ಲೇ ಇರುವ ಮಾತು. ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ ನಮ್ಮ ಕಾಪು, ಕಾರ್ಕಳ, ಉಡುಪಿಯ ಕಾಲೇಜುಗಳಲ್ಲಿ ಓದಿದರೂ ಪದವಿ ಪತ್ರ ಕೊಡುವುದು ವಿಶ್ವವಿದ್ಯಾಲಯವೇ. ಹಾಗಿರುವಾಗ ಒಂದು ಕಾಲೇಜು 'ನಮ್ಮದೇ ಆನ್‌ಲೈನ್ ಡಿಗ್ರಿ ಉಂಟು, ಸೇರಿ' ಎಂದರೆ, ಯಾವ ವಿಶ್ವವಿದ್ಯಾಲಯದ್ದು ಎಂದು ಕೇಳಲೇಬೇಕು.

ಆನ್‌ಲೈನ್ ಮತ್ತು ದೂರಶಿಕ್ಷಣಕ್ಕೆ ಯುಜಿಸಿ 2020ರ ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ನಿಯಮಾವಳಿ ಹೊರಡಿಸಿತು. ಯಾವ ವಿಶ್ವವಿದ್ಯಾಲಯ ಆನ್‌ಲೈನ್ ಪದವಿ ನಡೆಸಬಹುದು ಎಂಬುದನ್ನು ನ್ಯಾಕ್ ಅಂಕ ಅಥವಾ ಎನ್‌ಐಆರ್‌ಎಫ್ ರ್‍ಯಾಂಕ್ ನೋಡಿ ತೀರ್ಮಾನಿಸಲಾಗ್ತದೆ. ಇನ್ನೊಂದು ಮುಖ್ಯ ಅಂಶ, ಫ್ರಾಂಚೈಸಿ ಕೊಡುವಂತಿಲ್ಲ. ಅಂದರೆ ವಿಶ್ವವಿದ್ಯಾಲಯ ತನ್ನ ಹೆಸರನ್ನು ಪೇಟೆಯ ಯಾವುದೋ ಸ್ಟಡಿ ಸೆಂಟರಿಗೆ ಕೊಟ್ಟು, ಅಲ್ಲೇ ಪ್ರವೇಶ, ಅಲ್ಲೇ ಪಾಠ, ಅಲ್ಲೇ ಪರೀಕ್ಷೆ ಮಾಡಿಸುವುದಕ್ಕೆ ಅವಕಾಶ ಇಲ್ಲ.

ಎಲ್ಲ ವಿಷಯವನ್ನೂ ಆನ್‌ಲೈನ್‌ನಲ್ಲಿ ಓದಲು ಆಗುವುದಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ದಂತ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಕಾನೂನು, ಕೃಷಿ, ಹೋಟೆಲ್ ಮ್ಯಾನೇಜ್‌ಮೆಂಟ್ ಇವುಗಳ ಪದವಿಗೆ ಆನ್‌ಲೈನ್ ಅವಕಾಶ ಇಲ್ಲ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರ, ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ಆಹಾರ ಮತ್ತು ಪೌಷ್ಟಿಕಾಂಶದಂತಹ ವಿಷಯಗಳನ್ನೂ ಈ ಪಟ್ಟಿಗೆ ಸೇರಿಸಲಾಗಿದೆ. ನಮ್ಮ ಕಡೆ ನರ್ಸಿಂಗ್, ಫಿಸಿಯೋಥೆರಪಿಗೆ ಬೇಡಿಕೆ ಜಾಸ್ತಿ ಇರುವುದರಿಂದ ಇದನ್ನು ಗಮನದಲ್ಲಿಡಬೇಕು.

ಮಾನ್ಯತೆ ಇರುವ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲೇ ಸ್ಪಷ್ಟಪಡಿಸಿದೆ. ಹಾಗಾಗಿ 'ಆನ್‌ಲೈನ್ ಡಿಗ್ರಿಗೆ ಬೆಲೆ ಇಲ್ಲ' ಎಂಬ ಮಾತು ಸರಿಯಲ್ಲ. ಮಾನ್ಯತೆ ಇಲ್ಲದ ಡಿಗ್ರಿಗೆ ಮಾತ್ರ ಬೆಲೆ ಇಲ್ಲ.

ಹೆಸರಿನ ಗೊಂದಲ

ಉಡುಪಿ ಜಿಲ್ಲೆಯವರಿಗೆ 'ಮಣಿಪಾಲ' ಅಂದರೆ ನಮ್ಮ ಮಣಿಪಾಲವೇ. 'ಆನ್‌ಲೈನ್ ಮಣಿಪಾಲ್' ಎಂಬ ವೇದಿಕೆಯಲ್ಲಿ ಇರುವುದು ಒಂದೇ ವಿಶ್ವವಿದ್ಯಾಲಯ ಅಲ್ಲ. ಮಣಿಪಾಲದ ಮಾಹೆ, ಜೈಪುರದ ಮಣಿಪಾಲ ವಿಶ್ವವಿದ್ಯಾಲಯ, ಸಿಕ್ಕಿಂ ಮಣಿಪಾಲ ವಿಶ್ವವಿದ್ಯಾಲಯ ಇವು ಬೇರೆ ಬೇರೆ ಸಂಸ್ಥೆಗಳು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ಕೋರ್ಸಿನ ಪುಟದಲ್ಲೇ ಬರೆದಿರ್ತಾರೆ. ಆದರೆ ಓದುವವರು ನೋಡುವುದಿಲ್ಲ. ನಿಮ್ಮ ಪದವಿ ಪತ್ರದಲ್ಲಿ ಬರುವ ಹೆಸರು ಯಾವುದು, ಶುಲ್ಕ ಹೋಗುವುದು ಯಾವ ವಿಶ್ವವಿದ್ಯಾಲಯಕ್ಕೆ ಎಂಬುದನ್ನು ಸೇರುವ ಮೊದಲೇ ಕೇಳಿಕೊಳ್ಳಿ.

ಮುಕ್ತ ವಿವಿಯ ಪಾಠ

ಮಾನ್ಯತೆ ಎಂಬ ಒಂದು ಪದ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಉಂಟು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯ್ತು. ಅಂಚೆಯಲ್ಲಿ ಬಂದ ಪುಸ್ತಕ ಓದಿ ಪದವಿ ಪಡೆದ ಶಿಕ್ಷಕರು, ಗುಮಾಸ್ತರು, ಬ್ಯಾಂಕ್ ನೌಕರರು ಕರಾವಳಿಯಲ್ಲೂ ಬೇಕಾದಷ್ಟು ಮಂದಿ ಇದ್ದಾರೆ.

ಆ ನಂತರ ರಾಜ್ಯದ ಹೊರಗೆ, ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸ್ ನಡೆಸಿದ್ದು ವಿವಾದವಾಯ್ತು. 2012-13ರ ನಂತರ ಮುಕ್ತ ವಿವಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಣೆ ಹೊರಡಿಸಿತು. ಆ ವರ್ಷಗಳಲ್ಲಿ ಓದಿದ ಸಾವಿರಾರು ವಿದ್ಯಾರ್ಥಿಗಳು ಪದವಿ ಕೈಯಲ್ಲಿದ್ದೂ ಅತಂತ್ರರಾದರು. ಅವರು ಓದಿದ್ದು ನಿಜ, ಪರೀಕ್ಷೆ ಬರೆದದ್ದು ನಿಜ, ತಪ್ಪು ಅವರದ್ದಲ್ಲ. ಆದರೂ ಉದ್ಯೋಗಕ್ಕೆ ಅರ್ಜಿ ಹಾಕುವಾಗ ಉತ್ತರ ಕೊಡಬೇಕಾದವರು ಅವರೇ. 2018-19ರಿಂದ ಮುಕ್ತ ವಿವಿಗೆ ಮತ್ತೆ ಮಾನ್ಯತೆ ಸಿಕ್ಕಿತು, ಈಗ ಅಲ್ಲಿ ಪ್ರವೇಶ ನಡೆಯುತ್ತಿದೆ. ಇದರಿಂದ ಕಲಿಯಬೇಕಾದದ್ದು ಒಂದೇ: ಸಂಸ್ಥೆ ಎಷ್ಟೇ ಹಳೆಯದಿರಲಿ, ಸರ್ಕಾರದ್ದೇ ಇರಲಿ, ನೀವು ಸೇರುವ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಉಂಟೋ ಎಂದು ನೋಡಬೇಕು.

ಹಾಗಾದರೆ ನಮ್ಮೂರ ಕಾಲೇಜಿಗೆ ಏನು ಉಳೀತು?

ಪೂರ್ತಿ ಆನ್‌ಲೈನ್ ಪದವಿ ಕೊಡಲಾಗದಿದ್ದರೂ, ರೆಗ್ಯುಲರ್ ಪದವಿಯ ಒಳಗೇ ಆನ್‌ಲೈನ್ ಕೋರ್ಸ್ ಸೇರಿಸುವ ದಾರಿ ಉಂಟು. ಅದು 'ಸ್ವಯಂ'. ಕೇಂದ್ರ ಸರ್ಕಾರದ ಈ ವೇದಿಕೆ 2017ರ ಜುಲೈನಲ್ಲಿ ಉದ್ಘಾಟನೆಯಾಯ್ತು. ಇದರಲ್ಲಿ ವಿಡಿಯೋ ಪಾಠ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಪ್ರಶ್ನೆ ಕೇಳುವ ಚರ್ಚಾ ವೇದಿಕೆ ಹೀಗೆ ನಾಲ್ಕು ಭಾಗ ಇರ್ತದೆ. 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಒಟ್ಟು ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಓದಿ ಕ್ರೆಡಿಟ್ ಪಡೆಯಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಹಿಂದೆ ಇದು ಶೇ. 20 ಇತ್ತು.

ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ 'ಎನ್‌ಪಿಟೆಲ್' ಕೋರ್ಸ್‌ಗಳು ಸಿಗುವುದೂ ಇದರಲ್ಲೇ. 4 ವಾರದ್ದಕ್ಕೆ 1 ಕ್ರೆಡಿಟ್, 8 ವಾರದ್ದಕ್ಕೆ 2, 12 ವಾರದ್ದಕ್ಕೆ 3. ಸೇರಲು ಹಣ ಕೊಡಬೇಕಾಗಿಲ್ಲ, ಪಾಠ ಉಚಿತ. ಸರ್ಟಿಫಿಕೇಟ್ ಬೇಕಿದ್ದವರು ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅಂಕದಲ್ಲಿ 25 ವಾರವಾರದ ಅಸೈನ್‌ಮೆಂಟಿಗೆ, 75 ಪರೀಕ್ಷೆಗೆ. ಅಸೈನ್‌ಮೆಂಟಿನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30 ಬರಬೇಕು.

ಒಂದು ಸಣ್ಣ ಕಾಲೇಜಿಗೆ ಇದರ ಪ್ರಯೋಜನ ದೊಡ್ಡದು. ಡೇಟಾ ಸೈನ್ಸ್‌ಗೆ ಉಪನ್ಯಾಸಕರು ಇಲ್ಲ, ಭಾಷಾಶಾಸ್ತ್ರಕ್ಕೆ ಮೂರೇ ಮಂದಿ ವಿದ್ಯಾರ್ಥಿಗಳು ಅಂತ ಕೋರ್ಸ್ ಕೈಬಿಡಬೇಕಾಗಿಲ್ಲ. ಆದರೆ ಕ್ರೆಡಿಟ್ ತಾನಾಗಿ ಬರುವುದಿಲ್ಲ. ಆ ಕೋರ್ಸನ್ನು ವಿಶ್ವವಿದ್ಯಾಲಯ ಒಪ್ಪಿರಬೇಕು. ಕೋರ್ಸ್ ಮುಗಿಸಿದ ಮೇಲೆ 'ಇದು ನಮ್ಮ ಪಟ್ಟಿಯಲ್ಲಿ ಇಲ್ಲ' ಎಂದರೆ ಕಷ್ಟ. ಸೆಮಿಸ್ಟರ್ ಶುರುವಾಗುವಾಗಲೇ ಪ್ರಾಂಶುಪಾಲರಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ತೊಡಕು 1: ಮಳೆ, ಕರೆಂಟ್, ರೇಂಜ್

ಕರಾವಳಿಯಲ್ಲಿ ಆನ್‌ಲೈನ್ ಅಂದರೆ ಮೊದಲು ನೆನಪಾಗುವುದು ರೇಂಜ್. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಸಮೀಪ ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಬಾಲಕಿಗೆ ತಂದೆ ಕೊಡೆ ಹಿಡಿದು ನಿಂತ ಫೋಟೋ ದೇಶದಾದ್ಯಂತ ಹರಿದಾಡಿತು. ಅದೇ ತಿಂಗಳು ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ಲೆಟ್ ವಿತರಣೆಗೆ ಚಾಲನೆ ಕೊಟ್ಟಿತು. ಟ್ಯಾಬ್ ಕೊಟ್ಟದ್ದು ಒಳ್ಳೆಯದೇ. ಆದರೆ ರೇಂಜ್ ಇಲ್ಲದ ಗುಡ್ಡದ ಮನೆಯಲ್ಲಿ ಟ್ಯಾಬ್ ಇದ್ದೂ ಪಾಠ ಇಲ್ಲ.

ಅಂದಿನಿಂದ ಇಂದಿಗೆ ಪರಿಸ್ಥಿತಿ ಸುಧಾರಿಸಿದೆ. ಹಾಗಾಗಿಯೇ ಮಳೆ ರಜೆ ಬಂದಾಗಲೆಲ್ಲ 'ರಜೆ ಯಾಕೆ, ಆನ್‌ಲೈನ್ ಕ್ಲಾಸ್ ಮಾಡಬಹುದಲ್ಲ' ಎನ್ನುವವರು ಇದ್ದಾರೆ. ಸ್ವಲ್ಪ ಯೋಚಿಸಿ ಮಾರಾಯ್ರೆ, ಜಿಲ್ಲಾಧಿಕಾರಿ ರಜೆ ಕೊಡುವಷ್ಟು ಗಾಳಿ ಮಳೆ ಇರುವ ದಿನವೇ ಮರ ಬಿದ್ದು ಕರೆಂಟ್ ಹೋಗುವುದು. ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಟವರೂ ಹೋಗ್ತದೆ. ಆನ್‌ಲೈನ್ ಬೇಕು ಎಂದು ಅನಿಸುವ ದಿನವೇ ಲೈವ್ ಕ್ಲಾಸ್ ಕೈಕೊಡುವುದು.

ಡೇಟಾ ಲೆಕ್ಕವನ್ನೂ ನೋಡುವ. ಸೆಕೆಂಡಿಗೆ 1 ಮೆಗಾಬಿಟ್ ಲೆಕ್ಕದಲ್ಲಿ ಬರುವ ವಿಡಿಯೋಗೆ ಗಂಟೆಗೆ 450 ಎಂಬಿ ಬೇಕು. ದಿನಕ್ಕೆ ಐದು ಗಂಟೆ ಲೈವ್ ಕ್ಲಾಸ್ ಅಂದರೆ 2.25 ಜಿಬಿ. ದಿನಕ್ಕೆ 1.5 ಜಿಬಿ ಪ್ಲಾನ್ ಹಾಕಿದ ಮನೆಯಲ್ಲಿ ನಾಲ್ಕನೇ ಪೀರಿಯಡ್ಡಿನ ನಡುವೆಯೇ ನೆಟ್ ಮುಗೀತದೆ. ಅಣ್ಣ ತಂಗಿ ಇಬ್ಬರಿಗೂ ಒಂದೇ ಮೊಬೈಲ್ ಆದರೆ ಹೇಳುವುದೇ ಬೇಡ. ಅದೇ ಪಾಠವನ್ನು ಧ್ವನಿ ಮಾತ್ರ ಮುದ್ರಿಸಿ 64 ಕಿಲೋಬಿಟ್‌ನಲ್ಲಿ ಕಳಿಸಿದರೆ ಒಂದು ಗಂಟೆಗೆ 29 ಎಂಬಿ ಸಾಕು. ಜೊತೆಗೆ ನಾಲ್ಕು ಪುಟದ ಪಿಡಿಎಫ್ ನೋಟ್ಸ್. ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಮಳೆ ಬಂದರೂ ಪಾಠ ನಿಲ್ಲುವುದಿಲ್ಲ.

ತೊಡಕು 2: ಸೇರಿದವರು ಮುಗಿಸುವುದಿಲ್ಲ

ನೆಟ್‌ವರ್ಕ್‌ಗಿಂತ ದೊಡ್ಡ ಸಮಸ್ಯೆ ಇದು. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು ಎಡೆಕ್ಸ್ ವೇದಿಕೆಯಲ್ಲಿ ನಡೆಸಿದ ಉಚಿತ ಕೋರ್ಸ್‌ಗಳ ಬಗ್ಗೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2017-18ರಲ್ಲಿ ಸೇರಿದವರ ಪೈಕಿ ಕೋರ್ಸ್ ಮುಗಿಸಿದವರು ಶೇ. 3ರ ಆಸುಪಾಸು. ಅಂದರೆ ನೂರರಲ್ಲಿ ಮೂವರು! ಸರ್ಟಿಫಿಕೇಟಿಗೆಂದು ಹಣ ಕಟ್ಟಿ ಸೇರಿದವರಲ್ಲಿ ಮಾತ್ರ ಶೇ. 46 ಮಂದಿ ಮುಗಿಸಿದರು. ಪಾಠ ಹೇಳಿದ್ದು ಜಗತ್ತಿನ ಅತ್ಯುತ್ತಮ ಪ್ರಾಧ್ಯಾಪಕರು, ವಿಡಿಯೋ ಚೆನ್ನಾಗಿತ್ತು. ಹಾಗಿದ್ದೂ ಈ ಗತಿ.

ಇದಕ್ಕೆ ಉತ್ತರ ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಹಿರಿಯರು ಮುಂಬಯಿಯಲ್ಲಿ ಓದಿದ ಕತೆ ನೆನಪು ಮಾಡಿಕೊಂಡರೆ ಸಾಕು. ಉಡುಪಿ, ಕಾರ್ಕಳ ಕಡೆಯಿಂದ ಬಸ್ ಹತ್ತಿ ಹೋದ ಹುಡುಗರು ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋದರು. ಹಾಗೆ ಓದಿ ಎಸ್‌ಎಸ್‌ಸಿ ಪಾಸಾಗಿ, ಮುಂದೆ ಕಾಲೇಜು ಮುಗಿಸಿ ಬ್ಯಾಂಕ್ ಸೇರಿದವರು, ವಕೀಲರಾದವರು, ಸ್ವಂತ ಹೋಟೆಲ್ ಹಾಕಿದವರು ಇದ್ದಾರೆ. ಅವರ ಹತ್ತಿರ ಯಾವ ಸೌಲಭ್ಯವೂ ಇರಲಿಲ್ಲ. ಆದರೆ ಮೂರು ವಿಷಯ ಇತ್ತು. ದಿನಾ ಒಂದೇ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಪಕ್ಕದ ಬೆಂಚಿನಲ್ಲಿ ತನ್ನ ಹಾಗೆಯೇ ದುಡಿದು ಬಂದ ಇನ್ನೊಬ್ಬ ಇದ್ದ. 'ನಿನ್ನೆ ಯಾಕೆ ಬರಲಿಲ್ಲ?' ಎಂದು ಕೇಳುವ ಮಾಸ್ಟ್ರು ಇದ್ದರು.

ಆನ್‌ಲೈನ್ ಪಾಠದಲ್ಲಿ ಕಾಣೆಯಾಗುವುದು ಈ ಮೂರೇ. ವಿಡಿಯೋ ಎಷ್ಟು ಹೊತ್ತಿಗೂ ನೋಡಬಹುದು ಎಂದಾದ ಮೇಲೆ ನಾಳೆ ನೋಡುವ ಅನಿಸ್ತದೆ. ಒಬ್ಬರೇ ಕುಳಿತಾಗ ಅರ್ಥವಾಗದಿದ್ದರೆ ಅಲ್ಲೇ ಬಿಡ್ತೇವೆ. ಬಿಟ್ಟದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಇದನ್ನು ದೂರದ ಕಂಪನಿಯ ಆ್ಯಪ್ ಸರಿಮಾಡಲಾರದು. ಹತ್ತಿರದ ಕಾಲೇಜು ಮಾಡಬಲ್ಲದು. ಸಣ್ಣ ಕಾಲೇಜುಗಳ ನಿಜವಾದ ಶಕ್ತಿ ಇರುವುದು ಇಲ್ಲೇ.

ತೊಡಕು 3: ಭಾಷೆ ಮತ್ತು ಉಪನ್ಯಾಸಕರ ಪಾಡು

ಸ್ವಯಂನಲ್ಲಿ ಇರುವ ಹೆಚ್ಚಿನ ಕೋರ್ಸ್ ಇಂಗ್ಲಿಷಿನದ್ದು. ಎನ್‌ಪಿಟೆಲ್ ಕೆಲವು ಕೋರ್ಸ್‌ಗಳ ಪಾಠವನ್ನು ಕನ್ನಡಕ್ಕೂ ಅನುವಾದ ಮಾಡಿಸಿದೆ, ಆದರೆ ಪರೀಕ್ಷೆಯ ಭಾಷೆಗೆ ವಿದ್ಯಾರ್ಥಿ ತಯಾರಾಗಲೇಬೇಕು. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿದ ವಿದ್ಯಾರ್ಥಿಗೆ ವಿಷಯ ಅರ್ಥವಾಗುವ ಮೊದಲೇ ಭಾಷೆ ಹೆದರಿಸ್ತದೆ. ವಾರಕ್ಕೆ ಒಂದು ಗಂಟೆ ಯಾರಾದರೂ ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಿದರೆ ಅರ್ಧ ಭಯ ಹೋಗ್ತದೆ.

ಆದರೆ ಆ ಒಂದು ಗಂಟೆ ಯಾರದ್ದು? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ. ವಾರಕ್ಕೆ ಎಷ್ಟು ಗಂಟೆ ಕಾರ್ಯಭಾರ ಎಂಬುದರ ಮೇಲೆ ಅವರ ಗೌರವಧನ ನಿಂತಿದೆ. ಒಂದು ವಿಷಯವನ್ನು ಸ್ವಯಂಗೆ ಬಿಟ್ಟುಕೊಟ್ಟರೆ ಅವರ ಗಂಟೆ ಕಡಿಮೆಯಾಗುವ ಅಪಾಯ ಉಂಟು. ಹಾಗಾದಾಗ ಆನ್‌ಲೈನ್ ಕೋರ್ಸ್ ಯಶಸ್ವಿಯಾಗಲಿ ಎಂದು ಯಾವ ಉಪನ್ಯಾಸಕರು ದುಡಿದಾರು? ಮಾರ್ಗದರ್ಶನದ ಗಂಟೆಯನ್ನೂ ಕಾರ್ಯಭಾರವೆಂದು ಲೆಕ್ಕ ಹಿಡಿಯದ ತನಕ ಈ ಯೋಜನೆ ಕಾಗದದಲ್ಲೇ ಉಳೀತದೆ. ಆನ್‌ಲೈನ್ ಅಂದರೆ ಖರ್ಚು ಉಳಿತಾಯ ಎಂಬ ಲೆಕ್ಕಾಚಾರ ಆಡಳಿತ ಮಂಡಳಿಗಳಲ್ಲೂ ಇರ್ತದೆ. ಕಟ್ಟಡದ ಖರ್ಚು ಉಳಿಯಬಹುದು, ಮನುಷ್ಯರ ಕೆಲಸ ಉಳಿಯುವುದಿಲ್ಲ.

ಕಾಲೇಜುಗಳು ಏನು ಮಾಡಬಹುದು?

ದೊಡ್ಡ ಸ್ಟುಡಿಯೋ, ದುಬಾರಿ ಸಾಫ್ಟ್‌ವೇರ್ ಇಲ್ಲದೆಯೂ ಆಗುವ ಕೆಲಸಗಳು ಇವು:

1. ಟೈಮ್ ಟೇಬಲ್‌ನಲ್ಲಿ ಜಾಗ ಕೊಡಿ: ಸ್ವಯಂ ಕೋರ್ಸಿಗೆ ವಾರದಲ್ಲಿ ಎರಡು ಪೀರಿಯಡ್ ನಿಗದಿ ಮಾಡಿ, ಕಂಪ್ಯೂಟರ್ ಲ್ಯಾಬಿನಲ್ಲೇ ಒಟ್ಟಿಗೆ ನೋಡಲಿ. ಲ್ಯಾಬಿಗೆ ಯುಪಿಎಸ್ ಇರಲಿ.

2. ಒಂದು ತಂಡಕ್ಕೆ ಒಬ್ಬರು ಮಾರ್ಗದರ್ಶಕರು: 20-25 ವಿದ್ಯಾರ್ಥಿಗಳಿಗೆ ಒಬ್ಬರು. ಪಾಠ ಮಾಡುವುದು ಅವರ ಕೆಲಸ ಅಲ್ಲ, ಯಾರು ಹಿಂದೆ ಬಿದ್ದಿದ್ದಾರೆ ಎಂದು ನೋಡುವುದು.

3. ಎರಡು ಅಸೈನ್‌ಮೆಂಟ್ ತಪ್ಪಿದರೆ ಫೋನ್: ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರ ಎದುರು ಹೆಸರು ಹಾಕುವುದಲ್ಲ, ನೇರ ಫೋನ್. ಮನೆಯಲ್ಲಿ ತೊಂದರೆಯೋ, ಮೊಬೈಲ್ ಕೆಟ್ಟಿದೆಯೋ, ಕೆಲಸಕ್ಕೆ ಹೋಗುತ್ತಿದ್ದಾರೋ ಎಂಬುದು ಆಗಲೇ ಗೊತ್ತಾಗುವುದು.

4. ಹಗುರ ಪಾಠ: ಹತ್ತು-ಹನ್ನೆರಡು ನಿಮಿಷದ ಧ್ವನಿ ತುಣುಕು, ಜೊತೆಗೆ ಪಿಡಿಎಫ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಾರದ ಪಾಠ ಮುಂಚಿತವಾಗಿಯೇ ವಿದ್ಯಾರ್ಥಿಗಳ ಕೈಯಲ್ಲಿರಲಿ.

5. ಪರೀಕ್ಷಾ ಶುಲ್ಕಕ್ಕೆ ಸಹಾಯ: ಕೋರ್ಸ್ ಪಾಸಾದವರಿಗೆ ಶುಲ್ಕ ವಾಪಸ್ ಕೊಡುವ ವ್ಯವಸ್ಥೆಯನ್ನು ಹಳೆ ವಿದ್ಯಾರ್ಥಿ ಸಂಘ, ರಕ್ಷಕ-ಶಿಕ್ಷಕ ಸಂಘ ಮಾಡಬಹುದು. ಸ್ವಂತ ಹಣ ಹಾಕಿದವರು ಹೆಚ್ಚು ಮುಗಿಸ್ತಾರೆ ಎಂಬುದನ್ನು ಮೇಲಿನ ಅಂಕಿ ಅಂಶವೇ ಹೇಳ್ತದೆ. ಆದರೆ ಆ ಹಣವೇ ಯಾರಿಗೂ ಅಡ್ಡಿಯಾಗಬಾರದು.

6. ಹೊರಗಿನವರಿಗೂ ಬಾಗಿಲು: ಬೇರೆ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ ಓದುವ ಊರಿನ ಮಂದಿಗೆ ಶನಿವಾರ ಸಂಜೆ ಗ್ರಂಥಾಲಯ ಮತ್ತು ನೆಟ್ ಬಳಸಲು ಬಿಡಬಹುದು. ಇದಕ್ಕೆ ಹಣ ಪಡೆದು ಪ್ರವೇಶ ಮಾಡಿಸಿದರೆ ಫ್ರಾಂಚೈಸಿ ಆಗ್ತದೆ. ಕುಳಿತು ಓದಲು ಜಾಗ ಕೊಟ್ಟರೆ ಉಪಕಾರ ಆಗ್ತದೆ.

ಸೇರುವ ಮೊದಲು ಇಷ್ಟು ನೋಡಿ

* ಯುಜಿಸಿಯ ದೂರಶಿಕ್ಷಣ ಬ್ಯೂರೋ (ಡಿಇಬಿ) ವೆಬ್‌ಸೈಟ್‌ನಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸ್, ನೀವು ಸೇರುವ ವರ್ಷ ಮೂರೂ ಇದೆಯೇ? ಒಂದು ಇಲ್ಲದಿದ್ದರೂ ಸೇರಬೇಡಿ.

* ಡಿಇಬಿ ಐಡಿ ಮಾಡಿಸಿದ್ದೀರಾ? 2024ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಮತ್ತು ದೂರಶಿಕ್ಷಣಕ್ಕೆ ಸೇರುವವರಿಗೆ ಇದು ಕಡ್ಡಾಯ. ಇದಕ್ಕೆ ಮೊದಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಎಬಿಸಿ ಐಡಿ ಬೇಕು, ಡಿಜಿಲಾಕರ್‌ನಲ್ಲಿ ಮಾಡಿಕೊಳ್ಳಬಹುದು. 'ಐಡಿ ಎಲ್ಲ ನಾವೇ ನೋಡಿಕೊಳ್ತೇವೆ, ಒಟಿಪಿ ಹೇಳಿ' ಎಂದರೆ ಹೇಳಬೇಡಿ.

* ಶುಲ್ಕ ಯಾರ ಖಾತೆಗೆ? ವಿಶ್ವವಿದ್ಯಾಲಯದ ಖಾತೆಗೋ, ಏಜೆಂಟಿನ ಗೂಗಲ್ ಪೇಗೋ? ಕಂತಿನಲ್ಲಿ ಕಟ್ಟಬಹುದು ಎಂದು ಹೇಳಿ ನಿಮ್ಮ ಹೆಸರಿನಲ್ಲಿ ಸಾಲ ಮಾಡಿಸುತ್ತಿದ್ದಾರೆಯೇ ಎಂಬುದನ್ನೂ ನೋಡಿ.

* ಪರೀಕ್ಷೆ ಎಲ್ಲಿ, ಹೇಗೆ? ಮನೆಯಿಂದಲೇ ಕ್ಯಾಮರಾ ಎದುರು ಬರೆಯುವುದಾದರೆ ಕಂಪ್ಯೂಟರ್ ಮತ್ತು ನಿಲ್ಲದ ನೆಟ್ ಬೇಕು. ಕೇಂದ್ರಕ್ಕೆ ಹೋಗಬೇಕಾದರೆ ಅದು ಎಲ್ಲಿ ಎಂದು ಮೊದಲೇ ಕೇಳಿ.

* ಸಂಶಯ ಬಂದರೆ ಕೇಳಲು ಮನುಷ್ಯರು ಸಿಗ್ತಾರೆಯೇ? ಸೇರುವ ತನಕ ಫೋನ್ ಮಾಡುವವರು ಬೇರೆ, ಸೇರಿದ ಮೇಲೆ ಫೋನ್ ಎತ್ತುವವರು ಬೇರೆ.

ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಕಾಲೇಜು ಇದ್ದು, ಹೋಗಲು ಅನುಕೂಲವೂ ಇರುವವರಿಗೆ ರೆಗ್ಯುಲರ್ ಪದವಿಯೇ ಒಳ್ಳೆಯದು. ಕೆಲಸ, ಮದುವೆ, ಮಗು, ಅನಾರೋಗ್ಯ ಎಂದು ಓದು ನಿಂತವರಿಗೆ ಮಾನ್ಯತೆ ಇರುವ ಆನ್‌ಲೈನ್ ಪದವಿ ಖಂಡಿತ ದಾರಿ. ಅಂಥವರು ಒಬ್ಬರೇ ಸೇರುವುದಕ್ಕಿಂತ ಊರಿನ ಇನ್ನಿಬ್ಬರನ್ನು ಜೊತೆ ಮಾಡಿಕೊಂಡು ಸೇರಿ. ವಾರಕ್ಕೊಮ್ಮೆ ಒಟ್ಟಿಗೆ ಕುಳಿತರೆ ಮೂರು ವರ್ಷ ದಾಟುವುದು ಸುಲಭ ಆಗ್ತದೆ.